ಅಪ್ಪನ ಮಷಿನ್, ಅವ್ವನ ಕುಂಕುಮ

ನಮ್ಮವ್ವ ರೇಣವ್ವನಿಗೆ ಕಿವಿ ಮಂದವಾಗಿ, ಅವಳ ಜೊತೆ ಗುಟ್ಟು ಮಾತಾಡುವ ಕಾಲ ಮುಗಿದಿದೆ. ಏನು ಹೇಳಿದರೂ ತಿಕೋಟಾದ ನಮ್ಮ ಓಣಿಗೆಲ್ಲ ಕೇಳುವಂತೆ ಹೇಳಬೇಕು. ನನಗೆ ಅದು ಕಷ್ಟವೇನಲ್ಲ. ನಾನು ಬಸ್ ಕಂಡಕ್ಟರ್. ವಿಜಯಪುರದಿಂದ ಹೊರಟು ತೊರವಿ ದಾಟುವಷ್ಟರಲ್ಲಿ ಹಿಂದಿನ ಬಾಗಿಲಿನತನಕ ಕೂಗಿ ಕೂಗಿ ನನ್ನ ಗಂಟಲು ಹದಕ್ಕೆ ಬಂದಿದೆ. ಆದರೂ 'ಬ್ಯಾಳಿಗೆ ಉಪ್ಪು ಹಾಕೀಯೇನ?' ಎಂಬುದನ್ನೂ 'ಮುಂದ ಸರೀರಿ' ಎನ್ನುವ ದನಿಯಲ್ಲೇ ಕೇಳಬೇಕಾದರೆ ಸಿಟ್ಟು ಬರದೆ ಇರುತ್ತದೆಯೇ? ನನಗಂತೂ ಬರುತ್ತದೆ. ಸಿಟ್ಟು ನನಗೆ ಅಪ್ಪನಿಂದ ಬಂದದ್ದು, ಮಷಿನ್ ಬಂದ ಹಾಗೆ.

ಅಪ್ಪನ ಹೆಸರು ಭಾಗಪ್ಪ. ಬರೀ ಭಾಗಪ್ಪ ಎಂದರೆ ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಷಿನ್ ಭಾಗಪ್ಪ ಎನ್ನಬೇಕಿತ್ತು. ಮಷಿನ್ ಎಂದರೆ ಗಿಡ ಕೊಯ್ಯುವ ಪೆಟ್ರೋಲ್ ಮಷಿನ್, ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಚೈನು ತಿರುಗುವಂಥದ್ದು. ಮೊದಲು ಅಪ್ಪ ಕೊಡಲಿ ಹಿಡಿದು ವಿಜಯಪುರದ ಲಾಡಲೇಸಾಬನ ಕಟ್ಟಿಗೆ ಅಡ್ಡೆಯಲ್ಲಿ ಕೂಲಿಗಿದ್ದ. ಲಾಡಲೇಸಾಬ ಹೊಸ ಮಷಿನ್ ತಂದ ದಿನ ಹಳೆಯದನ್ನು ಅಪ್ಪನ ಕೈಗೆ ಹಾಕಿ, "ತಗೋ ಭಾಗಪ್ಪಾ, ಇದು ನಿನ್ನ ಮಾತ ಕೇಳತೈತಿ, ನನ್ನ ಮಾತ ಕೇಳೂದಿಲ್ಲ" ಎಂದನಂತೆ. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ನಾನು ಆಗ ಸಾಲಿಗೆ ಹೋಗುವ ಹುಡುಗಿ. "ನಿನಗ ತಮ್ಮ ಬಂದಾನ ನೋಡವಾ" ಎಂದು ಅಪ್ಪ ನಕ್ಕ. ನಾನು ಅತ್ತೆ. ನನಗೆ ನಿಜವಾದ ತಮ್ಮ ಬೇಕಿತ್ತು.

ಆ ತಮ್ಮನೇ ನಮ್ಮನ್ನೆಲ್ಲ ಸಾಕಿದ. ಗಾಳಿಗೆ ಬಿದ್ದ ಬೇವು, ಒಡ್ಡಿನ ಮೇಲೆ ಒಣಗಿ ನಿಂತ ಜಾಲಿ, ದ್ರಾಕ್ಷಿ ತೋಟದ ಮೇಲೆ ನೆರಳು ಚೆಲ್ಲಿ ಮಾಲೀಕನ ನಿದ್ದೆಗೆಡಿಸುವ ಹುಣಸೆ, ಯಾವುದಿದ್ದರೂ ಅಪ್ಪನಿಗೆ ಕರೆ ಬರುತ್ತಿತ್ತು. ಅರಕೇರಿಯಿಂದ ಬಬಲೇಶ್ವರದವರೆಗೆ ಅವನು ಕಾಲಿಡದ ಹೊಲ ಕಡಿಮೆ. ಆದರೆ ಅವನಿಗೆ ಇಷ್ಟವಾದದ್ದು ನಮ್ಮ ಮನೆಗೆ ಕೂಗಳತೆಯಲ್ಲಿರುವ ಹೊಲಗಳ ಕೆಲಸ. ಕಾರಣ ರೊಟ್ಟಿ. ಅಪ್ಪನಿಗೆ ಹಂಚಿನಿಂದ ಇಳಿದ ಬಿಸಿ ರೊಟ್ಟಿ ಗಂಗಾಳಕ್ಕೆ ಬೀಳಬೇಕು. ತಣ್ಣಗಿದ್ದರೆ ತಿನ್ನುತ್ತಿದ್ದ, ತಿನ್ನುತ್ತಾ ಗೊಣಗುತ್ತಿದ್ದ.

ಸಂಜೆ ಕೆಲಸ ಮುಗಿದ ಮೇಲೆ ಅಪ್ಪನದೊಂದು ಪದ್ಧತಿಯಿತ್ತು. ಟಾಕಿಯಲ್ಲಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಸುರಿದುಕೊಂಡು, ಮಷಿನನ್ನು ಮತ್ತೆ ಚಾಲೂ ಮಾಡಿ ನೆಲದ ಮೇಲೆ ಬಿಡುತ್ತಿದ್ದ. ಒಳಗಿನ ನಳಿಕೆಗಳಲ್ಲಿ ಉಳಿದ ಹನಿಯೂ ಉರಿದು ಹೋಗಬೇಕು. ಪೆಟ್ರೋಲ್ ಒಳಗೇ ನಿಂತರೆ ಅಂಟಾಗಿ ಕಟ್ಟಿಕೊಳ್ಳುತ್ತದೆ ಎನ್ನುತ್ತಿದ್ದ. ಕೊನೆಯ ಹನಿ ಮುಗಿಯುವಾಗ ಮಷಿನ್ ಒಮ್ಮೆಲೇ ದನಿ ಏರಿಸಿ ಕೂಗಿ, ಅಷ್ಟೇ, ಸತ್ತುಬಿಡುತ್ತಿತ್ತು. ಆ ಕೂಗು ಕೇಳಿದ್ದೇ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಒಲೆಗೆ ಹಂಚಿಡುತ್ತಿದ್ದಳು. ನಡುವೆ ಮಷಿನ್ ಎಷ್ಟು ಸಲ ನಿಂತರೂ ಅವಳು ಏಳುತ್ತಿರಲಿಲ್ಲ. "ಈಗ ಚಾ ಕುಡ್ಯಾಕತ್ತಾನ", "ಈಗ ಚೈನ್ ಬಿಗಿ ಮಾಡಾಕತ್ತಾನ" ಎಂದು ಕೂತಲ್ಲೇ ಹೇಳುವಳು. ಅಪ್ಪ ಹೆಗಲ ಮೇಲೆ ಮಷಿನ್ ಹೊತ್ತು ಹೊಸ್ತಿಲು ದಾಟುವಾಗ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ತಿರುಗಿಯೂ ನೋಡದೆ ಅವ್ವ ಹೇಳುವಳು: "ಕೈ ಮಾರಿ ತೊಳಕೋರಿ. ಹಂಚ ಕಾದೈತಿ."

ಊಟವಾದ ಮೇಲೆ ಚೈನಿನ ಹಲ್ಲು ಮಸೆಯುವವಳೂ ಅವ್ವನೇ. ಸಣ್ಣ ಗುಂಡನೆಯ ಅರ ಹಿಡಿದು ಒಂದೊಂದೇ ಹಲ್ಲನ್ನು ಒಂದೇ ಓರೆಯಲ್ಲಿ ಉಜ್ಜುತ್ತಿದ್ದಳು. ಎಲ್ಲಿಂದ ಶುರು ಮಾಡಿದೆ ಎಂದು ತಪ್ಪಬಾರದಲ್ಲ, ಮೊದಲ ಹಲ್ಲಿಗೆ ಒಂದು ಬೊಟ್ಟು ಕುಂಕುಮ ಇಡುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಆ ಸಪ್ಪಳ ಕೇಳುತ್ತಾ, "ಇದ ಹಲ್ಲ ಇನ್ನೊಮ್ಮೆ ತಿಕ್ಕು" ಎನ್ನುತ್ತಿದ್ದ. ಇಂಥ ಗಂಡ ಹೆಂಡಿರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಸಂಸಾರ ನಡೆದದ್ದೇ ಕಿವಿಯ ಮೇಲೆ.

ಅಪ್ಪ ಹೋಗಿ ಏಳೆಂಟು ವರ್ಷವಾಯಿತು. ರಾತ್ರಿ ಎದೆ ಹಿಡಿಯಿತು, ಬೆಳಗಾಗುವುದರೊಳಗೆ ಇಲ್ಲ. ಮಷಿನನ್ನು ಅವ್ವ ಮಡಕೆಗಳ ಅಡಕಲಿನ ಪಕ್ಕ ಮಣೆಯ ಮೇಲಿಟ್ಟಳು. ನನ್ನ ಗಂಡ ದೇವಾನಂದ ದ್ರಾಕ್ಷಿ ಒಣಗಿಸುವ ಮಣೂಕದ ಶೆಡ್ಡಿನಲ್ಲಿ ಕೆಲಸದವನು, ಒಳ್ಳೆಯ ಮನುಷ್ಯ, ಒಮ್ಮೆ ಬಾಯಿ ತಪ್ಪಿ "ಮಾರಿಬಿಡೋಣೇನ?" ಎಂದ. ಅವ್ವ ಅವನಿಗೆ ಆ ದಿನ ಚಹಾ ಕೊಡಲಿಲ್ಲ.

ಈ ವರ್ಷ ದ್ರಾಕ್ಷಿ ಕಟಾವಿನ ಹೊತ್ತಿಗೆ ಅವ್ವನನ್ನು ವಿಜಯಪುರದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ಎಡಗಿವಿ ಹೋಗೇಬಿಟ್ಟಿದೆ, ಬಲಗಿವಿಯೂ ಅದೇ ದಾರಿ ಹಿಡಿದಿದೆ, ಕಿವಿಗೆ ಹಾಕುವ ಮಷಿನ್ ಕೊಟ್ಟರೂ ಬಹಳ ದಿನ ಉಪಯೋಗಕ್ಕೆ ಬರಲಿಕ್ಕಿಲ್ಲ ಎಂದರು. ಅವ್ವ ಅದನ್ನು ಹಾಕಿಕೊಂಡು ನೋಡಿ, "ಇದರಾಗ ಎಲ್ಲಾರೂ ತಗಡಿನ ಡಬ್ಬಿಯೊಳಗ ಕುಂತು ಮಾತಾಡಿದಂಗ ಆಕೈತಿ" ಎಂದು ತೆಗೆದಿಟ್ಟಳು. ಮನೆಗೆ ಬರುವಾಗ ಬಸ್ಸಿನಲ್ಲಿ, ತೊರವಿ ದಾಟಿದ ಮೇಲೆ, ನನ್ನ ಕೈ ಹಿಡಿದಳು.

"ಗೌತಮೀ, ಇದೊಂದು ಕಿವಿ ಮುಚ್ಚೂದರಾಗ ನಿಮ್ಮಪ್ಪನ ಮಷಿನ್ ಒಮ್ಮೆ ಕೇಳಿಸಿಬಿಡವಾ. ಮತ್ತೇನೂ ಬ್ಯಾಡ ನನಗ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇಡೀ ಬಸ್ಸಿಗೆ ದಬಾಯಿಸುವ ಹೆಂಗಸು ನಾನು, ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ಜನ ಏನಂದಾರು?

ದೇವಾನಂದ ಸುಲಭದ ದಾರಿ ಹುಡುಕಿದ. ಫೋನಿನಲ್ಲಿ ಎಲ್ಲಿಯದೋ ಗಿಡ ಕೊಯ್ಯುವ ವಿಡಿಯೋ ಹಚ್ಚಿ ಅವ್ವನ ಬಲಗಿವಿಗೆ ಹಿಡಿದ. ಅವ್ವ ಪೂರ್ತಿ ಕೇಳಿದಳು, ಮರ್ಯಾದೆಗೆ.

"ಯಾರದೋ ಏನೋಪಾ ಇದು. ನಮ್ಮದಲ್ಲ."

ಸರಿ, ನಮ್ಮದನ್ನೇ ಏಳಿಸಬೇಕು. ಚಾಲೂ ಮಾಡುವ ಹಗ್ಗ ಎಳೆದು ನೋಡಿದೆ. ಕೈಗೇ ಕಿತ್ತುಬಂತು. ಮರುದಿನ ಮಷಿನನ್ನು ಅದೇ ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಬಸ್ಸಿಗೇ ಹತ್ತಿಸಿದೆ. ಡ್ರೈವರ್ ಅಂಬಾದಾಸನಿಗೆ ಇಂಥದ್ದು ಸಿಕ್ಕರೆ ಬಿಡುತ್ತಾನೆಯೇ?

"ಅಕ್ಕಾ, ಮಷಿನ್ ಹೆಣ್ಣ ಏನ್ ಗಂಡ? ಹೆಣ್ಣಿದ್ರ ಟಿಕೆಟ್ ಫ್ರೀ, ಗಂಡಿದ್ರ ರೊಕ್ಕಾ ಎಣಸ್ರಿ."

"ನನ್ನ ತಮ್ಮ ಅದಾನ್ರಿ" ಎಂದು ಲಗೇಜ್ ಟಿಕೆಟ್ ಹರಿದು ನನ್ನ ಕಿಸೆಗೇ ಹಾಕಿಕೊಂಡೆ.

ವಿಜಯಪುರದಲ್ಲಿ ಯಾಕೂಬ ಕಾಕಾನ ಗ್ಯಾರೇಜ್ ಇದೆ. ತೋಟಕ್ಕೆ ಔಷಧಿ ಹೊಡೆಯುವ ಮಷಿನ್, ನೀರಿನ ಪಂಪು, ಇಂಥವುಗಳ ರಿಪೇರಿ. ಅಪ್ಪನ ಗೆಳೆಯ. ಬಾಯಿ ಹರಕು, ಅಪ್ಪನ ಹಾಗೆಯೇ. ಟವೆಲ್ ಬಿಚ್ಚಿದವನು ಮಷಿನನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾ ಅಲ್ಲಾ! ಇದು ಮಷಿನ್ ಏನ್ ಗುಡೀನ, ಮಗಳ?" ಎಂದ.

ಅವನು ಕವಚಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದ, ನಾನು ಬಗ್ಗಿ ನೋಡಿದೆ. ಇಂಜಿನ್ ತಂಪಾಗಲೆಂದು ಇರುವ ಸಣ್ಣ ಸಣ್ಣ ಗೀರುಗಳಲ್ಲೆಲ್ಲ ಕುಂಕುಮ, ಎಣ್ಣೆಯ ಜೊತೆ ಕಲೆತು ಕೆಂಪು ಇಟ್ಟಿಗೆಯಾಗಿ ಕೂತಿತ್ತು. ಹಗ್ಗ ಸುತ್ತುವ ಗೂಡಿನಲ್ಲಿ ಒಣಗಿದ ಚೆಂಡುಹೂವಿನ ಎಸಳು, ಅಕ್ಕಿ ಕಾಳು. ಗಾಳಿ ಹೋಗುವ ಜಾಗದಲ್ಲಿ ಭಂಡಾರದ ಅರಿಸಿನ ಪುಡಿ. ಒಳಗಿನ ಸ್ಪ್ರಿಂಗು ಜಂಗು ಹಿಡಿದು ಪುಡಿಪುಡಿ. ಯಾಕೂಬ ಕಾಕಾ ಬೆರಳಿಗೆ ಹಚ್ಚಿಕೊಂಡು ಮೂಸಿ, "ತೆಂಗಿನಕಾಯಿ ನೀರ" ಎಂದ.

ಖಂಡೇ ಪೂಜೆ! ನಮ್ಮ ಕಡೆ ಮಹಾನವಮಿಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಬಸ್ಸಿಗೂ ಬಾಳೆಗಿಡ ಕಟ್ಟುತ್ತೇವೆ. ಅಪ್ಪನಿಗೆ ಪೂಜೆಯೆಂದರೆ ಅಷ್ಟಕ್ಕಷ್ಟೆ. ಬುದ್ಧನ ಸಾಕುತಾಯಿಯ ಹೆಸರೇ ಆಗಬೇಕೆಂದು ಹಟ ಹಿಡಿದು ನನಗೆ ಗೌತಮಿ ಎಂದು ಇಟ್ಟವನು. "ಮಷಿನಿಗೆ ಎಣ್ಣಿ ಸಾಕ, ಕುಂಕುಮ ಯಾಕ ಬೇ?" ಎನ್ನುತ್ತಿದ್ದ. ಆದರೆ ಆ ಒಂದು ದಿನ ಅವ್ವನ ಕೈಗೆ ಬಿಟ್ಟುಕೊಟ್ಟು ಸುಮ್ಮನೆ ಕೂರುತ್ತಿದ್ದ. ಅವಳು ಹೂವೇರಿಸಿ, ಅಕ್ಷತೆ ಹಾಕಿ, ಕಾಯಿ ಒಡೆದು ನೀರು ಚಿಮುಕಿಸಿದ ಮರುದಿನ, ಹಲ್ಲುಜ್ಜುವ ಹಳೆಯ ಬ್ರಷ್ಷು, ಸೀಮೆಎಣ್ಣೆ ತಗೊಂಡು ಅಂಗಳದಲ್ಲಿ ಕೂತು ಎಲ್ಲವನ್ನೂ ತಿಕ್ಕಿ ತೊಳೆಯುತ್ತಿದ್ದ. ಅಪ್ಪ ಹೋದ ಮೇಲೂ ಅವ್ವ ಪೂಜೆ ಬಿಟ್ಟಿರಲಿಲ್ಲ. ತೊಳೆಯುವವನು ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು ಹಚ್ಚಿಕೊಂಡೆ.

"ಯವ್ವಾ, ಮಷಿನ್ ಕೊಂದಾಕಿ ನೀನ ಬೇ! ವರ್ಷಾ ವರ್ಷಾ ಕಾಯಿ ನೀರ ಹಾಕೀದಿ, ಅಪ್ಪ ತೊಳೀತಿದ್ದ ಅನ್ನೂದು ಗೊತ್ತಿದ್ದಿಲ್ಲೇನ? ಒಂದ ಅರಿವಿ ತಗೊಂಡು ಒರೆಸಾಕ ಏನಾಗಿತ್ತು ನಿನಗ?"

ಓಣಿಗೆಲ್ಲ ಕೇಳಿತು. ಅವ್ವನಿಗೂ ಕೇಳಿತು. ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಅಂವ ಹ್ವಾದ ದಿನ ನನ್ನ ಹಣಿ ಮ್ಯಾಲಿಂದು ಒರೆಸಿದ್ರು. ಒಬ್ಬರೂ ಕೇಳಲಿಲ್ಲ ನನ್ನ. ಅದರ ಮ್ಯಾಲಿಂದೂ ನಾನ ಒರೆಸಲೇನ?"

ಇಷ್ಟೇ. ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅತ್ತರೂ ಅವಳಿಗೆ ಕೇಳುತ್ತಿರಲಿಲ್ಲ ಎಂಬುದು ನೆನಪಾಗಿ ಇನ್ನೂ ಅತ್ತೆ.

ಅಲ್ಲಿಂದ ಮುಂದೆ ನನ್ನ ರಜೆಯ ದಿನಗಳೆಲ್ಲ ಯಾಕೂಬ ಕಾಕಾನ ಗ್ಯಾರೇಜಿನಲ್ಲೇ ಕಳೆದವು. ಅಪ್ಪನ ಹಾಗೆಯೇ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ. ಕುಂಕುಮ ಸುಲಭಕ್ಕೆ ಬಿಡಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರು ಕಡ್ಡಿಯಿಂದ ಕೆರೆದು, ಮತ್ತೆ ನೆನೆಸಿ, ಮತ್ತೆ ಕೆರೆದು. ಬೋಗುಣಿಯ ಸೀಮೆಎಣ್ಣೆ ಓಕುಳಿಯಾಗುತ್ತಿತ್ತು. ಚೆಲ್ಲಲು ಮನಸ್ಸಾಗದೆ ಗ್ಯಾರೇಜಿನ ಮುಂದಿನ ಬೇವಿನ ಗಿಡದ ಹತ್ತಿರ ಹೋಗುತ್ತಿದ್ದೆ. "ಸೀಮೆಎಣ್ಣಿ ಹಾಕಿ ಅದನ್ನೂ ಕೊಲ್ಲತೀಯೇನ ಮಗಳ?" ಎಂದು ಯಾಕೂಬ ಕಾಕಾ ಬೈದ ಮೇಲೆ ಗಟಾರಕ್ಕೆ ಸುರಿದೆ.

ಹೊಸ ಹಗ್ಗ, ಹೊಸ ಸ್ಪ್ರಿಂಗು, ಪ್ಲಗ್ಗು, ಪೆಟ್ರೋಲಿನ ಪೈಪು, ಇವೆಲ್ಲ ಇಲ್ಲೇ ಸಿಕ್ಕವು. ಕಾರ್ಬೊರೇಟರಿನೊಳಗೆ ಒಂದು ತೆಳು ರಬ್ಬರಿನ ಪರದೆ ಇರುತ್ತದೆ, ಅದು ಬಡಿದುಕೊಂಡರೇ ಪೆಟ್ರೋಲ್ ಒಳಗೆ ಬರುವುದು. ನಮ್ಮದು ಹಪ್ಪಳದಂತೆ ಒಣಗಿ ಸೀಳಿತ್ತು. ಅಷ್ಟು ಹಳೆಯ ಮಾದರಿಯದು ವಿಜಯಪುರದಲ್ಲಿ ಯಾರ ಬಳಿಯೂ ಇರಲಿಲ್ಲ. ಆಗ ನನ್ನ ಕೆಲಸ ಉಪಯೋಗಕ್ಕೆ ಬಂತು. ಒಡೆದ ಪರದೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಅಂಬಾದಾಸನ ಕೈಗೆ ಕೊಟ್ಟೆ. ಅವನು ಮಿರಜಿಗೆ ಹೋಗುವ ಬಸ್ಸಿನ ಡ್ರೈವರನಿಗೆ ಕೊಟ್ಟ. ಅದು ಯಾವ ಯಾವ ಕಿಸೆ ತಿರುಗಿತೋ, ಯಾವ ಡಿಪೋದಲ್ಲಿ ಚಹಾ ಕುಡಿಯಿತೋ! ಬಹಳ ದಿನ ಸುದ್ದಿಯೇ ಇಲ್ಲ.

ಆ ದಿನಗಳಲ್ಲೇ ಒಂದು ಮುಂಜಾನೆ ಕುಕ್ಕರ್ ಸೀಟಿ ಮೇಲೆ ಸೀಟಿ ಹಾಕುತ್ತಿತ್ತು. ಅವ್ವ ಅದರ ಪಕ್ಕದಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಓಡಿಬಂದು ಗ್ಯಾಸ್ ಆರಿಸಿದಾಗ, "ಯಾಕ, ಸೀಟಿ ಆಗಿಲ್ಲಲಾ ಇನ್ನಾ?" ಎಂದಳು. ಆ ಮಧ್ಯಾಹ್ನ ಮಿರಜಿನ ಡ್ರೈವರನಿಗೆ ಫೋನು ಮಾಡಿ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಾಪ, ಅವನು ತಾನೇ ಅಂಗಡಿ ಅಂಗಡಿ ಅಲೆದು ಎರಡು ಪರದೆ ಕಳಿಸಿದ. ಒಂದು ಹೋದರೆ ಇನ್ನೊಂದು ಇರಲಿ ಎಂದನಂತೆ.

ಯಾಕೂಬ ಕಾಕಾ ಎಲ್ಲ ಜೋಡಿಸಿ ಹಗ್ಗ ಎಳೆದ. ಸುಮ್ಮನಿತ್ತು. ಮತ್ತೆ ಎಳೆದ, ಮತ್ತೆ ಎಳೆದ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿ ಎಳೆದ. ಮಷಿನ್ ಒಮ್ಮೆ ಕೆಮ್ಮಿತು. "ಏಳಲೇ, ಎಷ್ಟು ನಿದ್ದಿ ಮಾಡತಿ" ಎಂದು ಬೈದು ಇನ್ನೊಮ್ಮೆ ಎಳೆದ. ನೀಲಿ ಹೊಗೆ ಉಗುಳಿ ಎದ್ದೇಬಿಟ್ಟಿತು! ಅದೇ ದನಿ. ಒಂಚೂರು ಒಡಕು, ಒಂಚೂರು ಗೊಗ್ಗರು. ನಾನು ಗ್ಯಾರೇಜಿನ ಮಧ್ಯೆ ನಿಂತು ಎಲ್ಲರೆದುರು ಗೊಳೋ ಎಂದು ಅತ್ತೆ. ಅಪ್ಪ ಬಂದು ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ಯಾಕೂಬ ಕಾಕಾ ಮಷಿನ್ ಆರಿಸಿ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೈ ಒರೆಸಿಕೊಂಡ.

ಚೈನು ಮಾತ್ರ ಮನೆಗೆ ತಂದೆ. ಅವ್ವ ಅಡಕಲಿನ ಹಿಂದಿನಿಂದ ಅರ ತೆಗೆದಳು. ಮೊದಲ ಹಲ್ಲಿಗೆ ಕುಂಕುಮದ ಬೊಟ್ಟು. ಆಮೇಲೆ ಒಂದೊಂದೇ ಹಲ್ಲು, ಒಂದೇ ಓರೆ. ತಾನು ಉಜ್ಜುವ ಸಪ್ಪಳ ಅವಳಿಗೆ ಕೇಳುತ್ತಿರಲಿಲ್ಲ. ಪ್ರತಿ ಹಲ್ಲು ಮುಗಿದ ಮೇಲೆ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ಒಂದೆರಡನ್ನು ಇನ್ನೊಮ್ಮೆ ತಿಕ್ಕಿದಳು, ಯಾರೋ ಹೇಳಿದ ಹಾಗೆ.

"ಅಂಗಳದಾಗ ಚಾಲೂ ಮಾಡಲೇನ ಬೇ?" ಎಂದು ಅವ್ವನ ಕಿವಿಗೆ ಕೂಗಿದೆ.

"ಅಂಗಳದಾಗ ಯಾಕ? ನಿಮ್ಮಪ್ಪ ಯಾವಾಗರ ಅಂಗಳದಾಗ ಕೊಯ್ದಾನೇನ? ಹೊಲದಾಗ ಮಾಡ್ರಿ. ನಾ ಕಟ್ಟಿ ಮ್ಯಾಲ ಕುಂದರತೀನಿ."

ಇದಕ್ಕೇನು ಹೇಳುವುದು! ಕಿವಿಯ ಹತ್ತಿರ ಇಟ್ಟರೇ ಕೇಳುತ್ತದೋ ಇಲ್ಲವೋ, ಹೊಲದಿಂದ ಕೇಳಬೇಕಂತೆ. ಎಷ್ಟು ಕೂಗಿದರೂ ಪಟ್ಟು ಬಿಡಲಿಲ್ಲ. ಮೊಂಡುತನದಲ್ಲಿ ನಮ್ಮವ್ವನನ್ನು ಮೀರಿಸುವವರು ತಿಕೋಟಾ ತಾಲೂಕಿನಲ್ಲಿಲ್ಲ.

ಬೇಸಿಗೆಯ ಕೊನೆಯ ಗಾಳಿ ಮಳೆಗೆ ಬಸಲಿಂಗಯ್ಯನವರ ಒಡ್ಡಿನ ಮೇಲಿನ ಒಣ ಜಾಲಿ ಅಡ್ಡ ಬಿತ್ತು. ನಮ್ಮ ಮನೆಯಿಂದ ಅವರ ದ್ರಾಕ್ಷಿ ತೋಟ ದಾಟಿದರೆ ಆ ಒಡ್ಡು. ಕೇಳಿದ್ದಕ್ಕೆ ಬಸಲಿಂಗಯ್ಯನವರು, "ಭಾಗಪ್ಪನ ಮಷಿನ್ ಮತ್ತ ಹೊಲಕ್ಕ ಬರತೈತಿ ಅಂದ್ರ ಬ್ಯಾಡ ಅಂತೀನೇನ ತಂಗಿ, ಬಾ" ಎಂದರು. ಯಾಕೂಬ ಕಾಕಾ ರವಿವಾರ ಮಷಿನ್ ಸಮೇತ ಬಸ್ಸು ಹತ್ತಿ ಬಂದು ಚೈನು ಜೋಡಿಸಿದ. ನಾವು ಹೊರಡುವಾಗ ಅವ್ವ ಕಟ್ಟೆಯ ಮೇಲೆ ಬಲಗಿವಿಯನ್ನು ಹೊಲದ ಕಡೆ ಮಾಡಿ ಕೂತಿದ್ದಳು.

ಯಾಕೂಬ ಕಾಕಾ ಚಾಲೂ ಮಾಡಿ ದಪ್ಪ ಬೊಡ್ಡೆ ಕೊಯ್ದ. ಆಮೇಲೆ ಮಷಿನ್ ನನ್ನ ಕೈಗೆ ಕೊಟ್ಟ. ಅಪ್ಪ ಬದುಕಿದ್ದಾಗ ಒಮ್ಮೆಯೂ ಮುಟ್ಟಗೊಟ್ಟಿರಲಿಲ್ಲ. ಒಣ ಜಾಲಿ ಕಬ್ಬಿಣದ ಹಾಗೆ ಇರುತ್ತದೆ, ಆದರೆ ಅವ್ವ ಮಸೆದ ಹಲ್ಲು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಹಿಟ್ಟಿನ ಬದಲು ಉದ್ದುದ್ದ ಎಳೆಗಳಾಗಿ ಹೊಟ್ಟು ಉದುರಿತು. ಚೆನ್ನಾಗಿ ಮಸೆದ ಗುರುತು ಅದು, ಅಪ್ಪ ಹೇಳುತ್ತಿದ್ದ. ನಾನು ಕೊಯ್ದೆ, ಕೈ ಜುಮುಗುಡುವ ತನಕ ಕೊಯ್ದೆ. ನಡುವೆ ನಿಲ್ಲಿಸಿದಾಗಲೆಲ್ಲ ತೋಟದಾಚೆ ನೋಡುತ್ತಿದ್ದೆ. ದ್ರಾಕ್ಷಿ ಬಳ್ಳಿಗಳ ಸಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಕೇಳೀತೇನ್ರಿ ಕಾಕಾ?"

"ನನ್ನ ಕೇಳಬ್ಯಾಡ, ಆಕೀನ ಕೇಳು" ಎಂದ. ಅವನ ದನಿಯಲ್ಲಿ ಧೈರ್ಯವಿರಲಿಲ್ಲ.

ಹೊತ್ತು ಇಳಿಯಿತು. ಟಾಕಿಯ ಪೆಟ್ರೋಲನ್ನು ಡಬ್ಬಿಗೆ ಸುರಿದೆ. ಮಷಿನ್ ಮತ್ತೆ ಚಾಲೂ ಮಾಡಿ ನೆಲದ ಮೇಲೆ ಬಿಟ್ಟೆವು. ಅದು ಗುರುಗುರು ಎನ್ನುತ್ತಾ ಇದ್ದಿತು, ಇದ್ದಿತು. ಕೊನೆಗೆ ಒಮ್ಮೆಲೇ ದನಿ ಏರಿಸಿ ಕೂಗಿ ನಿಂತುಬಿಟ್ಟಿತು. ಹೊಲವೆಲ್ಲ ಗಪ್ಪಾಯಿತು. ನಾನು ಮಷಿನನ್ನು ಹೆಗಲ ಮೇಲೆ ಹೊತ್ತು ಮನೆಯ ದಾರಿ ಹಿಡಿದೆ. ಸುಡುತ್ತಿತ್ತು, ಆದರೂ ಇಳಿಸಲಿಲ್ಲ.

ಓಣಿಗೆ ಬಂದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಕೇಳದೆ ಬೇಸತ್ತು ಎದ್ದು ಹೋಗಿದ್ದಾಳೆ ಅನಿಸಿತು. "ಯವ್ವಾ" ಎಂದೆ. ಉತ್ತರವಿಲ್ಲ. ಕಂಡಕ್ಟರ್ ದನಿಯಲ್ಲಿ ಕೂಗಿದೆ. ಎದುರು ಮನೆಯವರು ಹೊರಗೆ ಬಂದರು, ನಮ್ಮ ಮನೆಯೊಳಗಿಂದ ಓ ಎನ್ನುವವರಿಲ್ಲ. ಮುಗಿಯಿತು, ತಡ ಮಾಡಿಬಿಟ್ಟೆವು. ಯಾಕೂಬ ಕಾಕಾ ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದ.

ಹೊಸ್ತಿಲು ದಾಟುವಾಗ ವಾಸನೆ ಬಂತು.

ಅವ್ವ ಬಾಗಿಲಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅಪ್ಪನ ಗಂಗಾಳ ಬೆಳಗಿ ಇಟ್ಟಿತ್ತು. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬಿ ನಿಂತಿತ್ತು. ನಾನು ಅಷ್ಟು ಕೂಗಿದ್ದು ಅವಳಿಗೆ ಕೇಳಿರಲಿಲ್ಲ, ನಾವು ಒಳಗೆ ಬಂದದ್ದೂ ಕೇಳಿರಲಿಲ್ಲ. ನಮ್ಮ ನೆರಳು ಗೋಡೆಯ ಮೇಲೆ ಬಿದ್ದಿತು. ಅವ್ವ ತಿರುಗಿ ನೋಡಲಿಲ್ಲ. ರೊಟ್ಟಿಯನ್ನು ಮಗುಚಿ ಹಾಕುತ್ತಾ ಹೇಳಿದಳು:

"ಕೈ ಮಾರಿ ತೊಳಕೋರಿ. ಹಂಚ ಕಾದೈತಿ."